ದೊಡ್ಡಪ್ಪನ ಗಡ್ಡ ಮತ್ತು ಮೌನಿಯ ಮಾತು

ನಮ್ಮ ಸಂಜೆ ಕಾಲೇಜಿನ ಸಿನಿಮಾ ತರಗತಿಯಲ್ಲಿ ಗುಂಪು ಮಾಡಿದ ದಿನ ನಾನು ಸಿಟ್ಟಿನಿಂದ ಮೇಷ್ಟ್ರ ಮುಖವನ್ನೂ ನೋಡಲಿಲ್ಲ. ಎಲ್ಲರೂ ತಮತಮಗೆ ಬೇಕಾದವರನ್ನು ಆರಿಸಿಕೊಂಡ ಮೇಲೆ ಯಾರಿಗೂ ಬೇಡವಾಗಿ ಉಳಿದ ಮೂವರು ನಾವು. ಒಬ್ಬಳು ಕಡ್ಡಿ. ಹಗಲು ಕೊರಿಯರ್ ಆಫೀಸಿನಲ್ಲಿ ಕೆಲಸ, ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ಮೈಕಟ್ಟು. ಕ್ಯಾಮೆರಾ ಅವಳ ಪಾಲಿಗೆ. ಇನ್ನೊಬ್ಬ ಮೌನಿ, ಧ್ವನಿಮುದ್ರಣ ಅವನದು. ಮೂರನೆಯವಳು ನಾನು, ಔಷಧಿ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ತೋರಿಸಲಾಗದ ಕೋಪವನ್ನೆಲ್ಲ ಮೂಗಿನ ತುದಿಯಲ್ಲಿಟ್ಟುಕೊಂಡು ಸಂಜೆ ತರಗತಿಗೆ ಬರುವವಳು. ಕಥೆ, ನಿರ್ದೇಶನ, ಸಂಕಲನ ಮೂರನ್ನೂ ನಾನೇ ಹೊತ್ತುಕೊಂಡೆ. ಯಾರೂ ಕೊಡಲಿಲ್ಲ, ಯಾರೂ ತಡೆಯಲೂ ಇಲ್ಲ.

ಮೌನಿ ಎಂದು ಹೆಸರಿಟ್ಟವಳೂ ನಾನೇ. ತರಗತಿ ಶುರುವಾಗಿ ಎಷ್ಟೋ ದಿನ ಅವನ ಬಾಯಿಂದ ಒಂದಕ್ಷರ ಉದುರಿರಲಿಲ್ಲ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಾಗಾದ್ರೆ ಇವನು ಚಿನ್ನದ ಗಣಿ ಬಿಡು" ಎಂದು ಕಡ್ಡಿಯ ಹತ್ತಿರ ನಕ್ಕಿದ್ದೆ. ಹೆಸರು ಅವನ ಕಿವಿಗೆ ಬಿದ್ದಾಗ ಹೆಬ್ಬೆರಳೆತ್ತಿ ಒಪ್ಪಿಗೆ ಕೊಟ್ಟ. ಅವನು ಮಾತಿನಲ್ಲಿ ಉಗ್ಗುತ್ತಾನೆ ಎಂಬುದು ಆಮೇಲೆ ಗೊತ್ತಾಯಿತು. ಸಣ್ಣಪುಟ್ಟ ಉಗ್ಗಲ್ಲ, ಕೆಲವು ಅಕ್ಷರಗಳ ಮುಂದೆ ನಿಂತರೆ ಬಾಗಿಲು ತೆರೆಯುವುದೇ ಇಲ್ಲ, ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಎದುರಿಗಿದ್ದವರು ಗಡಿಯಾರ ನೋಡಿಕೊಳ್ಳುತ್ತಾರೆ.

ಅವನೂ ಅವನ ತಾಯಿಯೂ ಸೋದರಮಾವನ ಮೈಕ್‌ಸೆಟ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಮೆಟ್ಟಿಲ ಮೇಲೆಲ್ಲ ಬಾಡಿಗೆಯ ಸ್ಪೀಕರುಗಳು. ಮನೆಗೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕು. ಎಂಥ ಕೆಟ್ಟ ಆಂಪ್ಲಿಫೈಯರ್ ಬಂದರೂ ಅವನು ಸರಿ ಮಾಡುತ್ತಿದ್ದ. ಆದರೆ ಮೈಕ್ ಹಿಡಿದು ಎಲ್ಲರೂ "ಹಲೋ ಹಲೋ" ಅನ್ನುವ ಕಡೆ ಇವನು ಬೆರಳಿನಿಂದ ಚಿಟಿಕೆ ಹೊಡೆಯುತ್ತಿದ್ದ. ಮಾತಿನ ಕೆಲಸವೆಲ್ಲ ತಾಯಿಯದು. ಯಾರಾದರೂ ಅವನನ್ನು "ಹೆಸರೇನಪ್ಪಾ?" ಎಂದರೆ ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ ಆಕೆ ಹೆಸರು, ವಯಸ್ಸು, ಬೆಳಿಗ್ಗೆ ತಿಂದ ತಿಂಡಿ ಎಲ್ಲ ಹೇಳಿ ಮುಗಿಸಿರುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಪಾಪ. ಮಗ ಒದ್ದಾಡುವುದನ್ನು ಯಾವ ತಾಯಿ ನೋಡಿಕೊಂಡು ಕೂರುತ್ತಾಳೆ?

ಊರಿನ ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋದ ಹಿರಿಯರೊಬ್ಬರು ಅವನ ಕಿವಿಯ ಚುರುಕು ಕಂಡು, "ಸರ್ಟಿಫಿಕೇಟ್ ತಗೊಂಡು ಬಾ, ನಿನಗೆ ಜಾಗ ಇದೆ" ಎಂದಿದ್ದರು. ಆ ಸರ್ಟಿಫಿಕೇಟಿಗೆ ಕಾಲೇಜಿನ ನಿಯಮವೊಂದಿತ್ತು: ಗುಂಪಿನ ಸಿನಿಮಾ ತೋರಿಸಿದ ಮೇಲೆ ಪ್ರತಿಯೊಬ್ಬರೂ ವೇದಿಕೆ ಹತ್ತಿ, ಪರೀಕ್ಷಕರ ಮುಂದೆ, ತಾವು ಮಾಡಿದ ಕೆಲಸದ ಬಗ್ಗೆ ಐದು ನಿಮಿಷ ಮಾತಾಡಬೇಕು. ಹಿಂದೆ ಎರಡು ವರ್ಷ ಅವನು ತನ್ನ ಸರದಿ ಬರುವಷ್ಟರಲ್ಲಿ ಹಿಂಬಾಗಿಲಿನಿಂದ ಹೊರಟುಹೋಗಿದ್ದ. ಮೂರನೆಯದೇ ಕೊನೆಯ ಅವಕಾಶ. ಈ ಸಲ ಬಾಯಿಬಿಟ್ಟರೆ ಸ್ಟುಡಿಯೋ, ಇಲ್ಲದಿದ್ದರೆ ಜೀವನಪೂರ್ತಿ ಮಾವನ ಸ್ಪೀಕರು ಹೊರುವುದು.

ಇನ್ನು ನನ್ನ ಕಥೆ. ಹೆಂಡತಿ ಸತ್ತ ದುಃಖದಲ್ಲಿ ಗಡ್ಡ ಬಿಟ್ಟ ಮುದುಕನೊಬ್ಬ, ಹುಟ್ಟಿದ ಮೊಮ್ಮಗುವನ್ನು ನೋಡಲು ಹೋಗುವ ಮುಂಚೆ ಕಟಿಂಗ್ ಶಾಪಿಗೆ ಬಂದು ಗಡ್ಡ ತೆಗೆಸುತ್ತಾನೆ. ಅಷ್ಟೇ. ಮುದುಕನ ಪಾತ್ರಕ್ಕೆ ನಮ್ಮ ದೊಡ್ಡಪ್ಪ. ಪ್ರಾಯದಲ್ಲಿ ನಾಟಕಗಳಲ್ಲಿ ರಾಜನ ವೇಷ ಹಾಕಿದವರು; ಇವತ್ತಿಗೂ "ನೀರು ಕೊಡು" ಅಂದರೆ ಸೈನ್ಯಕ್ಕೆ ಅಪ್ಪಣೆ ಕೊಟ್ಟ ಹಾಗಿರುತ್ತದೆ. ಈ ಪಾತ್ರಕ್ಕಾಗಿ ತಿಂಗಳುಗಟ್ಟಲೆ ಗಡ್ಡ ಬೆಳೆಸಿದರು. "ಹತ್ತಿರ ಬರಬೇಡಿ, ಪೊರಕೆ ತಗುಲಿದ ಹಾಗಾಗುತ್ತೆ" ಎಂದು ದೊಡ್ಡಮ್ಮ ಬೈದರೂ ಕೇಳಲಿಲ್ಲ.

ನಮ್ಮ ಬೀದಿಯ ಕಟಿಂಗ್ ಶಾಪಿನ ಅಣ್ಣ ರಜೆಯ ದಿನ ಅಂಗಡಿ ಬಿಟ್ಟುಕೊಟ್ಟರು. ಒಂದೇ ಷರತ್ತು: ಕತ್ತರಿ ತಮ್ಮ ಕೈಯಲ್ಲೇ ಇರಬೇಕು, ಬೇರೆ ಯಾವನೋ ಬಂದು ಕ್ಷೌರ ಮಾಡಿದ ಹಾಗೆ ನಟಿಸಿ ಅಂಗಡಿಯ ಮರ್ಯಾದೆ ತೆಗೆಯಬಾರದು. ಕ್ಯಾಮೆರಾ ಕಾಲೇಜಿನದು, ನಮಗಿಂತ ಮುಂಚೆ ಎಷ್ಟೋ ಬ್ಯಾಚುಗಳ ಕೈಯಲ್ಲಿ ಏಟು ತಿಂದದ್ದು. ಒಂದೇ ಬಟನ್, ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್. ಚಾಲೂ ಆಗಿದೆ ಎಂದು ತೋರಿಸುವ ಗುರುತು ಬರಬೇಕಾದ ಪರದೆಯ ಮೂಲೆ ಯಾವಾಗಲೋ ಸತ್ತಿತ್ತು. ಪರವಾಗಿಲ್ಲ, ಮುಂಭಾಗದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಆದರೆ ಕಟಿಂಗ್ ಶಾಪ್ ಅಂದರೆ ಸುತ್ತಲೂ ಕನ್ನಡಿ. ದೊಡ್ಡಪ್ಪನ ಕಿವಿಯ ಪಕ್ಕದಲ್ಲಿ ಆ ಕೆಂಪು ದೀಪ ಲೋಲಾಕಿನ ಹಾಗೆ ಮಿನುಗುವುದನ್ನು ಕಂಡು, "ಅದರ ಮೇಲೆ ಕಪ್ಪು ಟೇಪು ಅಂಟಿಸೇ" ಅಂದೆ. ಕಡ್ಡಿ ಅಂಟಿಸಿದಳು. ಅಲ್ಲಿಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯಿತು ನಮ್ಮ ಸ್ಥಿತಿ, ನಮಗೆ ಗೊತ್ತಾಗಲಿಲ್ಲ ಅಷ್ಟೇ.

ಪ್ರತಿ ದೃಶ್ಯಕ್ಕೂ ಬೆಳಕಿನ ದೀಪ ಸರಿಪಡಿಸುವಾಗಲೆಲ್ಲ ಕುರ್ಚಿಯಲ್ಲಿ ಯಾರಾದರೂ ಕೂತಿರಬೇಕು. ಇಲ್ಲದಿದ್ದರೆ ಬೆಳಕು ಮುಖಕ್ಕೆ ಬೀಳುತ್ತದೋ ಗೋಡೆಗೋ ತಿಳಿಯುವುದಿಲ್ಲ. ದೊಡ್ಡಪ್ಪ ಕೂರುತ್ತಿರಲಿಲ್ಲ. ಸದ್ದಾಗುತ್ತದೆ ಎಂದು ಫ್ಯಾನ್ ಬೇರೆ ನಿಲ್ಲಿಸಿದ್ದೆವು. ದೃಶ್ಯ ಮುಗಿದ ಕೂಡಲೇ ಗಾಳಿಗೆಂದು ಹೊರಗೆ ಹೋಗಿ, ತಾನೇ ನಾಯಕ ಎಂದು ದಾರಿಹೋಕರಿಗೆಲ್ಲ ತಿಳಿಯುವ ಹಾಗೆ ನಿಲ್ಲುತ್ತಿದ್ದರು. ಹಾಗಾಗಿ ಪ್ರತಿ ಸಲವೂ ಮೌನಿಯೇ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದ, ದನಿ ಪರೀಕ್ಷಿಸಲೆಂದು ಕೊರಳಪಟ್ಟಿಗೆ ಮೈಕ್ ಸಿಕ್ಕಿಸಿಕೊಂಡು. ಕುರ್ಚಿಯಲ್ಲಿ ತಲೆ ಕಂಡರೆ ಅಣ್ಣನ ಕೈ ಸುಮ್ಮನಿರುವುದಿಲ್ಲ. "ಕೂತೇ ಇದ್ದೀಯಲ್ಲ, ಈ ಕಿವಿ ಮೇಲಿಂದು ಸ್ವಲ್ಪ ತೆಗೀತೀನಿ" ಎಂದು ಕತ್ತರಿ ಆಡಿಸತೊಡಗಿದರು. ನಾನೂ ಕಡ್ಡಿಯೂ ದೀಪದ ಕಂಬ ಎಳೆದಾಡುತ್ತ ಜಗಳವಾಡುತ್ತಿದ್ದೆವು. ಅವರಿಬ್ಬರು ಏನು ಮಾತಾಡಿದರೋ ಯಾರಿಗೆ ಬೇಕಿತ್ತು?

ಸಂಜೆ ಹೊತ್ತಿಗೆ ದೊಡ್ಡಪ್ಪನ ಗಡ್ಡ ಹೋಯಿತು, ಕಣ್ಣಲ್ಲಿ ನಿಜವಾದ ನೀರು ಬಂತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೌನಿಯ ತಲೆಯೂ ನೀಟಾಗಿ ಕಟಿಂಗ್ ಆಗಿತ್ತು.

ಮರುದಿನ ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಮೊದಲ ತುಣುಕು ತೆರೆದೆ. ಮೌನಿಯ ಮುಖ. ಎರಡನೆಯದು ತೆರೆದೆ, ನಾನು "ಸಾಕು!" ಎಂದು ಕೂಗುವುದರಿಂದ ಶುರುವಾಗಿ, ಮತ್ತೆ ಮೌನಿಯ ಮುಖ, ಕೊನೆಗೆ ನಾನು "ಎಲ್ಲರೂ ಸುಮ್ಮನಿರಿ, ಶುರು!" ಅನ್ನುತ್ತಿದ್ದ ಹಾಗೇ ಕತ್ತಲೆ. ಎಲ್ಲವೂ ಹೀಗೇ. ದೊಡ್ಡಪ್ಪ ಇದ್ದರು, ಬಾಗಿಲಿನಿಂದ ಹೊರಗೆ ಹೋಗುವ ಬೆನ್ನಾಗಿ. ಬೆಳಿಗ್ಗೆ ಬೆಳಕು ನೋಡಲೆಂದು ಬಟನ್ ಒತ್ತಿದ ಕಡ್ಡಿ ಅದನ್ನು ನಿಲ್ಲಿಸಲು ಮರೆತಿದ್ದಳು. ಆಮೇಲೆ ಶುರು ಅಂದಾಗ ಒತ್ತಿದ್ದು ಬಂದ್ ಆಯಿತು, ಸಾಕು ಅಂದಾಗ ಒತ್ತಿದ್ದು ಚಾಲೂ ಆಯಿತು. ದಿನವಿಡೀ ಉಲ್ಟಾ!

"ನಿನ್ನ ಕಣ್ಣೇನು ಕೊರಿಯರ್‌ನಲ್ಲಿ ಕಳಿಸಿದ್ಯಾ?" ಎಂದು ಕಿರುಚಿದೆ.

"ಟೇಪು ಅಂಟಿಸು ಅಂದವರು ಯಾರು?" ಎಂದಳು ಕಡ್ಡಿ.

ಅಂದವಳು ನಾನೇ, ಆದ್ದರಿಂದ ಇನ್ನೂ ಜೋರಾಗಿ ಕಿರುಚಿದೆ.

ಮತ್ತೆ ಚಿತ್ರೀಕರಿಸೋಣವೆಂದರೆ ಗಡ್ಡ ಎಲ್ಲಿದೆ? ಪ್ರದರ್ಶನ ಹತ್ತಿರದಲ್ಲೇ ಇತ್ತು. ಸುದ್ದಿ ತಿಳಿಸಲು ಹೋದಾಗ ದೊಡ್ಡಪ್ಪ ನುಣ್ಣಗಿನ ಕೆನ್ನೆ ಸವರಿಕೊಳ್ಳುತ್ತ, "ಅಂದ್ರೆ ನನ್ನ ಕಣ್ಣೀರು?" ಎಂದರು.

"ಬಂದಿಲ್ಲ ದೊಡ್ಡಪ್ಪ. ದನಿ ಮಾತ್ರ ಇದೆ."

"ಅಷ್ಟು ದಿನದ ತಪಸ್ಸು ನೀರಲ್ಲಿ ಹೋಮ ಮಾಡಿದ ಹಾಗಾಯ್ತಲ್ಲೇ ಮಗಳೇ!"

"ನನಗಂತೂ ಒಳ್ಳೇದೇ ಆಯ್ತು" ಎಂದು ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬಂತು.

ತಲೆ ಮೇಲೆ ಕೈ ಹೊತ್ತು ಮತ್ತೆ ಎಡಿಟಿಂಗ್ ಕೋಣೆಗೆ ಬಂದು ಕೂತೆವು. ಬೇರೇನೂ ತೋಚದೆ ಮೌನಿಯ ತುಣುಕುಗಳಿಗೆ ಅವನ ರೆಕಾರ್ಡರಿನ ದನಿ ಹೊಂದಿಸಿದೆ. ಅವನು ಇಡೀ ದಿನ ರೆಕಾರ್ಡರ್ ನಿಲ್ಲಿಸಿಯೇ ಇರಲಿಲ್ಲ. ಪ್ರತಿ ಸಲ ಶುರು ಮಾಡುವಾಗಲೂ "ರನ್ನಿಂಗ್" ಎಂದು ಗಟ್ಟಿಯಾಗಿ ಕೂಗಿ ಹೇಳುವುದು ಧ್ವನಿಯವರ ಪದ್ಧತಿ. ಆ ಪದ ಬಾಯಿಗೆ ಬರುವುದಿಲ್ಲವೆಂದು ಬೆಳಿಗ್ಗೆ ಚಾಲೂ ಮಾಡಿದವನು ಸಂಜೆಯವರೆಗೂ ಹಾಗೇ ಬಿಟ್ಟು, ನಾನು ಕೇಳಿದಾಗಲೆಲ್ಲ ಹೆಬ್ಬೆರಳು ತೋರಿಸಿದ್ದ. ಹಾಗಾಗಿ ಆ ಕುರ್ಚಿಯ ಹರಟೆಯೆಲ್ಲ ಅಚ್ಚುಕಟ್ಟಾಗಿ ದಾಖಲಾಗಿತ್ತು.

"ಮನೆ ಎಲ್ಲಪ್ಪಾ?" ಎಂದು ಕೇಳುತ್ತಾರೆ ಅಣ್ಣ.

"ಪೋ... ಪ್... ಪೋ..." ಮೌನಿಯ ಕಣ್ಣು ಮುಚ್ಚುತ್ತದೆ. ಅಣ್ಣ ತಲೆಯೆತ್ತಿಯೂ ನೋಡುವುದಿಲ್ಲ, ಕತ್ತರಿ ಚಕಚಕ ಅನ್ನುತ್ತಲೇ ಇರುತ್ತದೆ. "ಪೋಸ್ಟಾಫೀಸ್ ಸ್ಟಾಪ್ ಹತ್ರ ಅಣ್ಣ. ಆದ್ರೆ ನಾ... ನಾನು ಯಾವತ್ತೂ ಅಲ್ಲಿಗೆ ಟಿಕೆಟ್ ತಗೊಂಡಿಲ್ಲ. ಆ ಹೆಸರು ಹೇಳೋಷ್ಟರಲ್ಲಿ ಕಂಡಕ್ಟರ್ ಮುಂದೆ ಹೋಗಿರ್ತಾನೆ. ಅದಕ್ಕೇ ಸೇ... ಸೇತುವೆ ಅಂತೀನಿ, ಅದು ಮುಂದಿನ ಸ್ಟಾಪ್. ಇಳಿದು ವಾಪಸ್ ನಡೀತೀನಿ. ಸ್ಕೂಲಿಗೆ ಹೋಗ್ತಿದ್ದಾಗಿಂದ."

"ಒಳ್ಳೇದೇ ಆಯ್ತು, ಕಾಲು ಗಟ್ಟಿಯಾಗಿದೆ. ನಂಗೆ ನೋಡು, ನಾಲಿಗೆ ಚೆನ್ನಾಗಿದ್ರೂ ಹೆಂಡ್ತಿ ಹೇಳಿದ್ದು ಬಿಟ್ಟು ಬೇರೇನೇ ತರ್ತೀನಿ."

ಮೌನಿ ನಗುತ್ತಾನೆ. ಅವನು ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ. ಇನ್ನೊಂದು ತುಣುಕಿನಲ್ಲಿ, ಆ ಹೊತ್ತಿಗೆ ಒಂದು ಕಡೆಯ ಕೂದಲು ಗಿಡ್ಡವಾಗಿತ್ತು, ತಾನಾಗಿಯೇ ಹೇಳುತ್ತಾನೆ: "ನನ್ನ ಬದಲು ಅಮ್ಮಾನೇ ಮಾತಾಡ್ತಾರೆ ಅಣ್ಣ. ಅವರಿಲ್ದಾಗ ಯಾ... ಯಾರು ಮಾತಾಡ್ತಾರೆ ಅಂತ ಒಂದೊಂದು ಸಲ ತುಂಬಾ ಭಯ ಆಗುತ್ತೆ."

ನನಗೆ ಅಳು ಬಂತು. ಕಡ್ಡಿಯ ಮುಂದೆ ಅಳಬಾರದೆಂದು ಸೀನಿದ ಹಾಗೆ ಮಾಡಿದೆ. ಅವಳು ನಾಚಿಕೆಯಿಲ್ಲದೆ ಅಳುತ್ತಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ನಮ್ಮ ಸಿನಿಮಾ ಇದೇ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮೌನಿಯನ್ನು ಕೇಳಿದಾಗ, "ಮಾಡು. ನೋ... ನೋಡಿ ಹೇಳ್ತೀನಿ" ಎಂದ.

ಇಲ್ಲಿ ನನ್ನ ಜಾಣತನ ಶುರುವಾಯಿತು. ಅವನಿಗೊಂದು ಉಡುಗೊರೆ ಕೊಡೋಣ ಅನ್ನಿಸಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವನ ಮಾತಿನ ಉಗ್ಗನ್ನೆಲ್ಲ ಒಂದೊಂದಾಗಿ ತೆಗೆದೆ. ಕತ್ತರಿಸಿದ ಕಡೆ ಮುಖ ಜಿಗಿದ ಹಾಗೆ ಕಾಣಬಾರದಲ್ಲ, ಅಲ್ಲೆಲ್ಲ ಬಾಚಣಿಗೆ, ನೆಲದ ಮೇಲಿನ ಕೂದಲು, ಅಣ್ಣನ ಬೆರಳು ಕಂಡ ತುಣುಕುಗಳನ್ನು ಇಟ್ಟು ಮುಚ್ಚಿದೆ. "ಅವನ ಮಾತು ಅವನದ್ದೇ ಇರಲಿ ಬಿಡೇ" ಎಂದಳು ಕಡ್ಡಿ. "ನೀನು ಸುಮ್ನಿರು, ಉಲ್ಟಾ ಬಟನ್ನಿನವಳೇ" ಅಂದೆ. ಸಂಜೆ ಸಂಜೆ ಕೂತು ಮುಗಿಸಿದಾಗ ಮೌನಿ ನೀರು ಹರಿದ ಹಾಗೆ ಮಾತಾಡುತ್ತಿದ್ದ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೌನಿ ಬಂದು ಹೆಡ್‌ಫೋನ್ ಹಾಕಿಕೊಂಡು ನೋಡಿದ. ಮುಖ ಅರಳಿತು. "ಇ... ಇದು ನಾನಾ?" ಎಂದ. ಮತ್ತೊಮ್ಮೆ ಹಾಕಿಸಿದ. ಆಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ತುಂಬಾ ಚೆನ್ನಾಗಿದೆ. ಆದ್ರೆ ಎಲ್ಲರಿಗೂ ತೋರಿಸೋ ದಿನ ನಾ... ನಾನು ಬರಲ್ಲ."

"ಯಾಕೋ? ಏನಾಯ್ತೋ?"

"ಇವನನ್ನ ನೋಡಿದ ಮೇಲೆ ನಾನು ಎದ್ದು ನಿಂತ್ರೆ, ಆ... ಆಮೇಲೆ ಜನ ಏನಂತಾರೆ? ಅ... ಅವನೆಲ್ಲಿ ಹೋದ ಅಂತಾರೆ."

ನನ್ನ ಪಿತ್ತ ನೆತ್ತಿಗೇರಿತು. "ಕಣ್ಣು ಕಿತ್ತು ಬರೋ ಹಾಗೆ ಕೂತು ಮಾಡಿದ್ದೀನಿ! ಒಳ್ಳೇದು ಮಾಡೋಕೆ ಹೋದ್ರೆ ಇದಾ ನೀನು ಕೊಡೋ ಬಹುಮಾನ?" ಅಂದೆ. ಅವನು ಏನೋ ಹೇಳಲು ಬಾಯಿ ತೆರೆದ. ಮಾತಾಡಲು ನಾನು ಬಿಟ್ಟರೆ ತಾನೇ? ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ.

ಮರುದಿನ ಔಷಧಿ ಅಂಗಡಿಯಲ್ಲಿ ಅಜ್ಜಿಯೊಬ್ಬರು ಬಂದು "ತಲೆ..." ಎನ್ನುತ್ತಿದ್ದ ಹಾಗೇ ತಲೆನೋವಿನ ಮಾತ್ರೆ ಮುಂದಿಟ್ಟೆ. "ನೋವಲ್ಲಮ್ಮಾ, ತಲೆಸುತ್ತು. ಪೂರ್ತಿ ಕೇಳಬಾರ್ದಾ?" ಎಂದು ಗದರಿದರು. ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವತ್ತು ಯಾಕೋ ಆಗಲಿಲ್ಲ. ಸಂಜೆ ಕಡ್ಡಿಯನ್ನು ಕರೆದುಕೊಂಡು ಸ್ಪೀಕರುಗಳ ನಡುವೆ ಅಡ್ಡಡ್ಡ ನಡೆದು ಮೌನಿಯ ಮನೆ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವರು ತಾಯಿ. "ಬಾಮ್ಮಾ, ಅವನಿಗೇನೂ ಬೇಜಾರಿಲ್ಲ. ಮೈಯಲ್ಲಿ ಹುಷಾರಿಲ್ಲ ಅಷ್ಟೇ, ಆ ದಿನ ಬರೋಕಾಗಲ್ಲ ಅಂತ ಹೇಳು ಅಂದ" ಎಂದು ಒಂದೇ ಉಸಿರಿಗೆ ಶುರು ಮಾಡಿದರು.

ಒಳಗಿನಿಂದ ಮೌನಿ ಬಂದು ನಿಂತ. "ಅ... ಅಮ್ಮಾ, ನಾನು ಹಾಗೆ ಹೇ... ಹೇಳಿಲ್ಲ. ನಾನೇ ಹೇಳ್ತೀನಿ." ತಾಯಿ ಅವನ ಮುಖ ನೋಡಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಅದೆಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಮಾತ್ರ ಗೊತ್ತು. "ತೆಗೆದದ್ದೆಲ್ಲ ವಾ... ವಾಪಸ್ ಹಾಕು. ಪಕ್ಕದಲ್ಲಿ ನಾನೂ ಕೂರ್ತೀನಿ. ಆಮೇಲೆ ಬರ್ತೀನೋ ಇಲ್ವೋ ನೋ... ನೋಡೋಣ."

ಮೂವರೂ ಕೂತು ಮೊದಲಿನಿಂದ ಮಾಡಿದೆವು. ಗುಂಪಿನ ಕೆಲಸ ಎಂದು ಅದನ್ನು ಕರೆಯುವುದಾದರೆ, ಅದು ಆ ದಿನ ಶುರುವಾಯಿತು. ಅಲ್ಲಿಯವರೆಗೆ ನಡೆದದ್ದು ನನ್ನ ದರ್ಬಾರು. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಮೌನಿ ಹೇಳುತ್ತಿದ್ದ. ಪೋಸ್ಟಾಫೀಸಿನ ಕಡೆ ನನಗೆ ತಡೆಯಲಾಗಲಿಲ್ಲ. "ಇಷ್ಟುದ್ದ ಬೇಡ ಕಣೋ, ಜನ ಎದ್ದು ಹೋಗ್ತಾರೆ" ಅಂದೆ.

"ನಂಗೆ ಅ... ಅಷ್ಟು ಹೊತ್ತು ಹಿಡಿಯುತ್ತೆ" ಎಂದ. ಅಷ್ಟೂ ಉಳಿಯಿತು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಕಟಿಂಗ್ ಶಾಪಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ತೆರೆಯ ಮೇಲೆ ಬರೀ ಬೆನ್ನು ಬರುತ್ತದೆಂದು ಗೊತ್ತಿದ್ದೂ ದೊಡ್ಡಪ್ಪ ಹೊಸ ಕೋಟು ಹಾಕಿಕೊಂಡಿದ್ದರು. ಮೌನಿಯ ತಾಯಿ ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕೂತರು. ಮೌನಿ ಬಂದಿದ್ದ, ಆದರೆ ಹಿಂಬಾಗಿಲ ಹತ್ತಿರ ನಿಂತಿದ್ದ.

ಸಿನಿಮಾ ಶುರುವಾಯಿತು. "ಪೋ... ಪ್..." ಬಂದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ಯಾರೋ ನಕ್ಕರು. ಇನ್ನಿಬ್ಬರು ಜೊತೆಗೂಡಿದರು. ದೊಡ್ಡಪ್ಪ ತಿರುಗಿ, "ಬಾಯಿ ಮುಚ್ಚಿ!" ಎಂದು ಗುಡುಗಿದರು. ಅಷ್ಟು ವರ್ಷದ ರಾಜನ ಪಾತ್ರ ಅವತ್ತು ಸಾರ್ಥಕವಾಯಿತು. ಆಮೇಲೆ ಕತ್ತರಿಯ ಚಕಚಕ ಮಾತ್ರ. ಮೌನಿ ಕಣ್ಣು ಮುಚ್ಚಿ ತಡಕಾಡುತ್ತಿದ್ದಾಗ ಜನ ಸುಮ್ಮನಿದ್ದರು, ಮಾತು ಬಂದಾಗ ನಕ್ಕರು, ಮತ್ತೆ ಸುಮ್ಮನಿದ್ದರು. ಕೊನೆಕೊನೆಗೆ ಅವನ ಉಗ್ಗಿಗೆ ಯಾರೂ ಕೂತಲ್ಲಿ ಮಿಸುಕಾಡಲಿಲ್ಲ. ತಾಯಿ ಇಲ್ಲದಾಗಿನ ಅವನ ಭಯದ ಮಾತು ಬಂದಾಗ ನನ್ನ ಪಕ್ಕದಲ್ಲಿದ್ದಾಕೆ ಮುಖ ತಗ್ಗಿಸಿದರು. ನಾನು ಅವರ ಕೈ ಹಿಡಿದುಕೊಂಡೆ.

ನಾನು ವೇದಿಕೆ ಹತ್ತಿ ನನ್ನ ಭಾಗ ಗಡಗಡ ಒಪ್ಪಿಸಿ ಇಳಿದೆ. ಕಡ್ಡಿ ಬಟನ್ನಿನ ಕಥೆ ಹೇಳಿ ಎಲ್ಲರನ್ನೂ ನಗಿಸಿದಳು. ಮೇಷ್ಟ್ರು ಮೌನಿಯ ಹೆಸರು ಕರೆದರು. ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಹಿಂಬಾಗಿಲು ಕಿರ್‌ಗುಟ್ಟುವುದೋ ಎಂದು ಕಿವಿಗೊಟ್ಟು ಕೂತೆ. ಚಪ್ಪಲಿಯ ಸದ್ದು ನನ್ನ ಪಕ್ಕದಿಂದ ಹಾದು ಮುಂದೆ ಹೋಯಿತು.

ಮೈಕ್ ಮುಂದೆ ನಿಂತ. ಚಿಟಿಕೆ ಹೊಡೆಯಲಿಲ್ಲ. ಬಾಯಿ ತೆರೆದ, ಮೊದಲ ಅಕ್ಷರವೇ ಸಿಕ್ಕಿಕೊಂಡಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡವು. ನನ್ನ ಪಕ್ಕದಲ್ಲಿ ತಾಯಿಯ ತುಟಿ ತೆರೆಯಿತು, ಆ ಪದ ಆಕೆಯ ಬಾಯಿಗೆ ಬಂದೇಬಿಟ್ಟಿತ್ತು. ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು ಆಕೆ ಎರಡೂ ಕೈಯಿಂದ ತಮ್ಮ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡರು. ಹಿಂದೆ ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅವನಿಗಾಗಿ ಕಾಯುವುದು ಹೇಗೆಂದು ಅವರು ಆಗಷ್ಟೇ ಕಲಿತಿದ್ದರು.

"ಧ... ಧ್... ಧ್ವನಿ ನನ್ನದು" ಎಂದ ಮೌನಿ.

ಆಮೇಲೆ ನಿಲ್ಲಲಿಲ್ಲ. ಅಂದರೆ ನಿಂತ, ಪ್ರತಿ ಸಾಲಿನಲ್ಲೂ ನಿಂತ, ಆದರೆ ಮತ್ತೆ ಹೊರಟ. ಕತ್ತರಿಯ ಸದ್ದಿಗೆಂದು ಇನ್ನೊಂದು ಮೈಕನ್ನು ಅಣ್ಣನ ಡ್ರಾಯರಿನಲ್ಲಿ ಹತ್ತಿಯ ನಡುವೆ ಇಟ್ಟದ್ದು, ಕನ್ನಡಿ ಇರುವ ಕೋಣೆಯಲ್ಲಿ ದನಿ ಹೇಗೆ ಪುಟಿಯುತ್ತದೆ ಎಂಬುದು, ದೊಡ್ಡಪ್ಪನ ದನಿಗೆ ರೆಕಾರ್ಡರಿನ ಮುಳ್ಳು ಹೆದರಿ ಮೂಲೆ ಸೇರಿದ್ದು, ಒಂದಾದ ಮೇಲೊಂದು ಹೇಳಿದ. ಜನ ನಕ್ಕಾಗ ನಗು ಮುಗಿಯುವವರೆಗೆ ಈಗ ಅವನು ಅವರಿಗಾಗಿ ಕಾದ. ಮೇಷ್ಟ್ರು ಗಡಿಯಾರ ನೋಡಿದರು, ಗಂಟೆ ಒತ್ತಿದರು. ಅವನಿಗೆ ಕೇಳಿಸಲಿಲ್ಲವೋ ಕೇಳಿಸಿಯೂ ಬಿಟ್ಟನೋ. ಮತ್ತೆ ಒತ್ತಿದರು. ಕೊನೆಗೆ ಎದ್ದೇ ನಿಂತರು.

"ಸಾಕಪ್ಪಾ, ಸಮಯ ಮುಗೀತು. ನೀನು ಪಾಸು, ಆಯ್ತಾ? ಬೇರೆ ಗುಂಪಿನವರೂ ಇದ್ದಾರೆ, ಇಳಿ."

ಮೌನಿ ಎರಡೂ ಕೈಯಿಂದ ಮೈಕ್ ಹಿಡಿದುಕೊಂಡ.

"ಇ... ಇನ್ನೂ ಇದೆ ಸಾರ್" ಎಂದ.